ಊಟದ ಪಂಕ್ತಿ ಅಳಿಸಬೇಡಿ

ಕಳೆದ ದೀಪಾವಳಿಗೆ ನಮ್ಮ ಮನೆಯ ಕಪಾಟಿನಲ್ಲಿ ಸಿನಿಮಾ, ನಾಟಕ, ಮನೆಯ ವಿಡಿಯೋ ಎಲ್ಲ ಸೇರಿ 412 ಇದ್ದವು. ಈ ಯುಗಾದಿಗೆ 61 ಉಳಿದಿವೆ. 260 ವಿಸಿಡಿ, 118 ಡಿವಿಡಿ, 34 ವಿಡಿಯೋ ಕ್ಯಾಸೆಟ್ ಎಂದು ಎಣಿಸಿದ್ದು ನಾನಲ್ಲ, ನನ್ನ ಹೆಂಡತಿ. ಬಣ್ಣ ಹಚ್ಚುವವರು ಬರುವ ಹಿಂದಿನ ದಿನ ಕಪಾಟು ಸರಿಸಲು ಹೋದಳು. ಅದು ಜಪ್ಪಯ್ಯ ಅನ್ನಲಿಲ್ಲ. ಒಳಗಿನದೆಲ್ಲ ತೆಗೆದು ಪಡಸಾಲೆಯ ತುಂಬ ಹರವಿ ಕೇಳಿದಳು: "ಏನ್ರೀ, ಇದರಾಗ ಹ್ವಾದ ವರ್ಷ ಎಷ್ಟ್ ನೋಡೀರಿ?"

ಒಂದನ್ನೂ ನೋಡಿರಲಿಲ್ಲ. ಡಿವಿಡಿ ಪ್ಲೇಯರ್ ಕೆಟ್ಟು ನಾಲ್ಕು ವರ್ಷವಾಗಿತ್ತು. ಅದರ ತಲೆಯ ಮೇಲೆ ದೇವರ ದೀಪದ ಎಣ್ಣೆ ಬಾಟಲಿ ಕೂತಿತ್ತು. ಆದರೂ "ಹೊರಗ ಹಾಕೂಣು" ಅಂದ ಕೂಡಲೇ ಎದೆ ಧಸಕ್ಕೆಂದಿತು. ಅದರ ಕಾರಣ ಹುಡುಕಿಕೊಂಡು ಹೊರಟರೆ ಬಾಡಿಗೆ ವಿಸಿಪಿಯ ರಾತ್ರಿಗಳ ತನಕ ಹೋಗಬೇಕು.

ಎಂಬತ್ತರ ದಶಕದ ಕೊನೆಗೆ ಬೆಳಗಾವಿ ಜಿಲ್ಲೆಯ ನಮ್ಮೂರು ರಾಮದುರ್ಗದಲ್ಲಿ ಓಣಿಗೊಬ್ಬರ ಮನೆಯಲ್ಲೂ ಸ್ವಂತ ವಿಡಿಯೋ ಇರಲಿಲ್ಲ. ಕಲರ್ ಟಿವಿ, ಕ್ಯಾಸೆಟ್ ಓಡಿಸುವ ವಿಸಿಪಿ, ಮೂರು ಕ್ಯಾಸೆಟ್ ಸೇರಿ ಒಂದು ರಾತ್ರಿಗೆ ಇಷ್ಟು ಅಂತ ಬಾಡಿಗೆ. ಗಣಪತಿ ಕೂಡಿಸಿದಾಗ ಓಣಿಯ ಹುಡುಗರು ಪಟ್ಟಿ ಎತ್ತಿ ತರುತ್ತಿದ್ದರು. ಟಿವಿಗೆ ಕೌದಿ ಹೊದಿಸಿ ಕೈಗಾಡಿಯಲ್ಲಿ ತರುವಾಗ ಹಿಂದೆ ಮಕ್ಕಳ ದಂಡು. ಹಿರಿಯರ ಸಲುವಾಗಿ ಮೊದಲೊಂದು ಪೌರಾಣಿಕ, ಆಮೇಲೆ ರಾಜಕುಮಾರ್, ಕೊನೆಗೆ ಯಾವುದೋ ಹೊಡೆದಾಟದ ಹಿಂದಿ. ಅದು ಮುಗಿಯುವ ಹೊತ್ತಿಗೆ ಎಚ್ಚರ ಇರುತ್ತಿದ್ದವರು ನಾಲ್ಕು ಮಂದಿ. ನಡುವೆ ಕರೆಂಟ್ ಹೋದರೂ ಯಾರೂ ಏಳುತ್ತಿರಲಿಲ್ಲ, ಎದ್ದರೆ ಜಾಗ ಹೋಗುತ್ತಿತ್ತು. ಬೆಳಿಗ್ಗೆ ಹತ್ತರೊಳಗೆ ಎಲ್ಲ ವಾಪಸ್ ಮುಟ್ಟಿಸಬೇಕು. ಹಾಗೆ ಮುಟ್ಟಿಸಿ ಬರುವಾಗ ಹತ್ತಿದ ಚಟ ಇದು: ಸಿನಿಮಾ ಅನ್ನುವುದು ನಮ್ಮದೇ ಇರಬೇಕು, ಹತ್ತು ಗಂಟೆಗೆ ಯಾರಿಗೂ ಒಪ್ಪಿಸುವಂತಿರಬಾರದು.

ಚಟ ತೀರಿಸಿದ್ದು ವಿಸಿಡಿ. 1993ರಲ್ಲಿ ರೂಪುಗೊಂಡ ಈ ತಂತ್ರದಲ್ಲಿ ಒಂದು ಡಿಸ್ಕಿಗೆ ಹಿಡಿಯುವುದು 74 ನಿಮಿಷ. ಆದ್ದರಿಂದ ನಮ್ಮ ಸಿನಿಮಾಗಳಿಗೆ ಎರಡು ಡಿಸ್ಕು, ಉದ್ದವಿದ್ದರೆ ಮೂರು. ವಿಲನ್ ನಾಯಕಿಯ ಕೈ ಹಿಡಿದ ಹೊತ್ತಿಗೇ ಒಬ್ಬರು ಎದ್ದು ಡಿಸ್ಕು ಬದಲಿಸಬೇಕು. ಮೊದಮೊದಲು ಅಸಲಿ ಡಿಸ್ಕಿನ ಬೆಲೆ ನೋಡಿ ಮತ್ತೆ ಕೆಳಗಿಡುತ್ತಿದ್ದೆವು. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಎಂದು ಬೆಲೆ ಇಟ್ಟಾಗ ತಡೆ ಕಿತ್ತುಹೋಯಿತು. ಕಚೇರಿ ಕೆಲಸಕ್ಕೆ ಹುಬ್ಬಳ್ಳಿಗೆ ಹೋದಾಗಲೆಲ್ಲ ಅಲ್ಲಿನ ದುರ್ಗದ ಬೈಲ್ ಪೇಟೆಗೆ ಒಂದು ಸುತ್ತು, ಚೀಲದಲ್ಲಿ ನಾಲ್ಕಾರು ಸಿನಿಮಾ. ನೋಡುವ ವೇಗಕ್ಕಿಂತ ಕೊಳ್ಳುವ ವೇಗ ಹೆಚ್ಚಾಯಿತು. ಇವತ್ತು ಲೆಕ್ಕ ಹಾಕಿದರೆ ಸುಮಾರು ಎಪ್ಪತ್ತು ಸಿನಿಮಾಗಳ ಪ್ಲಾಸ್ಟಿಕ್ ಹೊದಿಕೆಯನ್ನೇ ನಾನು ಹರಿದಿರಲಿಲ್ಲ. ಆ ಕಂಪನಿ 2018ರಲ್ಲಿ ದಿವಾಳಿಯಾಗಿ ಮುಚ್ಚಿತು. ನಮ್ಮ ಕಪಾಟು ಮಾತ್ರ ಹಾಗೇ ನಿಂತಿತ್ತು.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಊರೊಳಗೆ ಬಂದಳು. ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆಂದು ಕೇಳಿ ಅಕ್ಕಿ, ಜೋಳ, ಕಾಗದಪತ್ರ ಮೇಲೇರಿಸಿದೆವು. ಸಿನಿಮಾ ಯಾರಿಗೆ ನೆನಪಾಗಬೇಕು? ಕಪಾಟಿನ ಕೆಳಗಿನ ಖಾನೆ ಎರಡು ದಿನ ನೀರಲ್ಲಿತ್ತು. ಓಣಿಯಲ್ಲಿ ಮಗ್ಗದ ಮನೆಗಳೇ ಕುಸಿದಿರುವಾಗ ಡಿಸ್ಕಿಗಾಗಿ ಅಳುವುದು ನಾಚಿಕೆಗೇಡು ಅನ್ನಿಸಿ ಸುಮ್ಮನೆ ತೊಳೆದು ಹೊರಸಿನ ಮೇಲೆ ಒಣಗಿಸಿದೆ. ಡಿಸ್ಕುಗಳು ಬಹುತೇಕ ಬದುಕಿದವು. ಕ್ಯಾಸೆಟ್‌ಗಳಲ್ಲಿ ಒಂಬತ್ತಕ್ಕೆ ಬೂಷ್ಟು ಹಿಡಿಯಿತು. ಕಿಟಕಿಯಂಥ ಪ್ಲಾಸ್ಟಿಕ್‌ನೊಳಗೆ ಇಣುಕಿದರೆ ಕರಿ ರೀಲಿನ ಅಂಚಿಗೆ ಬಿಳಿ ಹಿಟ್ಟು ಉದುರಿಸಿದಂತೆ ಕಾಣುತ್ತದೆ. ಅಂಥದನ್ನು ಹಾಗೇ ಯಂತ್ರಕ್ಕೆ ಹಾಕಬಾರದು: ಬೂಷ್ಟು ಯಂತ್ರದ ಹೆಡ್ಡಿಗೆ ಮೆತ್ತಿಕೊಂಡು ಆಮೇಲೆ ಹಾಕಿದ ಒಳ್ಳೆಯ ಕ್ಯಾಸೆಟ್‌ಗೂ ಅಂಟುತ್ತದೆ. ಇದು ನನಗೆ ಗೊತ್ತಾಗಿದ್ದು ಹಾಕಿದ ಮೇಲೆ.

ಇಷ್ಟಾದರೂ ಕಪಾಟು ಖಾಲಿ ಮಾಡಲು ಇನ್ನೂ ಕೆಲವು ವರ್ಷ ಬೇಕಾಯಿತು. ಮೊದಲ ಪ್ರಯತ್ನದಲ್ಲಿ ಎಲ್ಲವನ್ನೂ ಒಳ್ಳೆಯವು, ಕೆಟ್ಟವು ಎಂದು ಎರಡು ಗುಡ್ಡೆ ಮಾಡಲು ಕೂತೆ. ಸಂಜೆಯ ಹೊತ್ತಿಗೆ ಒಳ್ಳೆಯ ಗುಡ್ಡೆಯಲ್ಲಿ 390, ಕೆಟ್ಟದರಲ್ಲಿ 22. ಆ 22ರಲ್ಲೂ ಎರಡರ ಹಾಡು ಚೆನ್ನಾಗಿದ್ದವು. ರುಚಿ ನೋಡಿ ಆರಿಸಲು ಕೂತರೆ ಕಪಾಟು ಎಂದೂ ಹಗುರಾಗುವುದಿಲ್ಲ. ಕೇಳಬೇಕಾದ ಪ್ರಶ್ನೆಯೇ ಬೇರೆ: ಇದು ನಮ್ಮ ಮನೆಯಿಂದ ಹೋದರೆ ಬೇರೆ ಎಲ್ಲಾದರೂ ಸಿಗುತ್ತದೆಯೇ?

ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಡಿಸ್ಕಿನ ಮೇಲಿನ ಮೋಹ ಸ್ವಲ್ಪ ಇಳಿಯಬೇಕು. ವಿಸಿಡಿಯ ಚಿತ್ರ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕೆಗಳದ್ದು. ಒಟ್ಟು ಒಂದು ಲಕ್ಷದ ಆಸುಪಾಸು. ಇವತ್ತಿನ ಸಾಧಾರಣ ಎಚ್‌ಡಿ ಚಿತ್ರದಲ್ಲಿ 20 ಲಕ್ಷಕ್ಕೂ ಹೆಚ್ಚು. ಅಂದರೆ ನಾನು ಕಾಯ್ದಿಟ್ಟುಕೊಂಡಿದ್ದು ಸಿನಿಮಾದ ಇಪ್ಪತ್ತನೆಯ ಒಂದು ಪಾಲು. ಹಳೆಯ ಡಬ್ಬಿ ಟಿವಿಯಲ್ಲಿ ಅದು ಕಣ್ಣಿಗೆ ಕುಂದಾಗಿ ಕಾಣುತ್ತಿರಲಿಲ್ಲ. ಈಗಿನ 43 ಇಂಚಿನ ಟಿವಿಗೆ ಹಾಕಿದರೆ ನಾಯಕನ ಮುಖ ಕೌದಿಯ ತುಂಡುಗಳಂತೆ ಚೌಕಚೌಕ. ಸಿನಿಮಾ ನಿಜವಾಗಿ ಉಳಿಯುವುದು ನೆಗೆಟಿವ್‌ನಲ್ಲಿ. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತಿತರ ಸಂಸ್ಥೆಗಳು ಸೇರಿ ಹೊಸದಾಗಿಸಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಅಂಥ ಕೆಲಸಕ್ಕೆ ನಮ್ಮ ನಿಮ್ಮ ಮನೆಯ ಡಿಸ್ಕು ಉಪಯೋಗಕ್ಕೆ ಬರುವುದಿಲ್ಲ. 'ಬಂಗಾರದ ಮನುಷ್ಯ'ದ ಡಿಸ್ಕನ್ನು ನಾನು ಹೊರಗೆ ಹಾಕಿದರೆ ಕನ್ನಡ ನಾಡಿಗೆ ನಯಾಪೈಸೆಯ ನಷ್ಟವಿಲ್ಲ. ಫೋನಿನಲ್ಲಿ ಒಂದೊಂದೇ ಹೆಸರು ಹುಡುಕುತ್ತ ಹೋದೆ. ಸಿಕ್ಕಿದ್ದೆಲ್ಲ ಹೊರಗೆ. ಮೂರು ಸಂಜೆಗಳಲ್ಲಿ ಮುನ್ನೂರರ ಮೇಲೆ ಹೋದವು.

ಆದರೆ ಇದೇ ಮಾತಿಗೆ ಇನ್ನೊಂದು ಮಗ್ಗುಲಿದೆ. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನಾ' ತೆರೆಗೆ ಬಂದದ್ದು 1934ರಲ್ಲಿ. ಅದರ ಚಿತ್ರೀಕರಣ ಆದದ್ದು ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ; ನಮ್ಮೂರಿಗೆ ಬೆಂಗಳೂರಿಗಿಂತ ಅದೇ ಹತ್ತಿರ. ಆ ಚಿತ್ರದ ಒಂದೇ ಒಂದು ಪ್ರಿಂಟು ಇವತ್ತು ಇಲ್ಲ. ದೇಶದ ಮೊದಲ ಟಾಕಿ 'ಆಲಂ ಆರಾ'ದ್ದೂ ಇದೇ ಗತಿ. ಆ ಕಾಲದ ಫಿಲ್ಮಿನಲ್ಲಿ ಬೆಳ್ಳಿಯ ಅಂಶವಿತ್ತು. ಓಡಿ ಮುಗಿದ ಸಿನಿಮಾವನ್ನು ಬೆಳ್ಳಿಗಾಗಿ ಕರಗಿಸಿದವರಿದ್ದರು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ. ಅಲ್ಲಿಯ ಪಿ.ಕೆ. ನಾಯರ್ ಊರೂರು ತಿರುಗಿ ಡಬ್ಬಿಗಳನ್ನು ಕೂಡಿಸತೊಡಗುವ ಹೊತ್ತಿಗೆ ಎಷ್ಟೋ ಕೈಬಿಟ್ಟು ಹೋಗಿದ್ದವು. ಅಲ್ಲಿಯವರೆಗೆ ಪ್ರತಿಯೊಬ್ಬರೂ ಇನ್ನೊಬ್ಬರ ಹತ್ತಿರ ಇದ್ದೇ ಇರುತ್ತದೆ ಅಂದುಕೊಂಡಿದ್ದರು ಅಂತ ಕಾಣುತ್ತದೆ.

ಹಾಗಾಗಿ ಫೋನಿನಲ್ಲಿ ಸಿಗದವನ್ನು ಇಟ್ಟುಕೊಂಡೆ. ಅವು ದೊಡ್ಡ ಸಿನಿಮಾಗಳೇನಲ್ಲ. ಒಂದು ವಾರ ಓಡಿ ಹೋದವು, ಹೆಸರು ಹೇಳಿದರೂ ನಿಮಗೆ ನೆನಪಾಗದವು. 'ಕಿತ್ತೂರು ಚೆನ್ನಮ್ಮ' ಇಟ್ಟುಕೊಂಡದ್ದು ಮಾತ್ರ ಬೇರೆ ಕಾರಣಕ್ಕೆ. ಬಿ.ಆರ್. ಪಂತುಲು ನಿರ್ದೇಶನದ, ಬಿ. ಸರೋಜಾದೇವಿ ರಾಣಿಯಾದ ಆ ಚಿತ್ರ 1961ರದ್ದು. ನಮ್ಮ ಕಾಯ್ದೆಯಲ್ಲಿ ಸಿನಿಮಾದ ಹಕ್ಕುಸ್ವಾಮ್ಯ ಬಿಡುಗಡೆಯಾದ ವರ್ಷ ಕಳೆದು 60 ವರ್ಷ. ಅಂದರೆ 2022ರಿಂದ ಆ ಚಿತ್ರ ಎಲ್ಲರ ಸೊತ್ತು. ಹಾಡಿನ ಸಾಹಿತ್ಯ, ಸಂಗೀತದ ಲೆಕ್ಕ ಬೇರೆ ಅನ್ನುವುದನ್ನು ಮರೆಯಬಾರದು. ಆದರೂ ನಮ್ಮ ಸೀಮೆಯ ರಾಣಿಯ ಚಿತ್ರದ ಡಿಸ್ಕು ನಮ್ಮ ಸೀಮೆಯಲ್ಲಿ ಒಂದಿರಲಿ ಅನ್ನಿಸಿತು. 1971ರ 'ಕಸ್ತೂರಿ ನಿವಾಸ'ದ ಕಪ್ಪು ಬಿಳುಪು ಡಿಸ್ಕನ್ನೂ ಇಟ್ಟುಕೊಂಡೆ. 2014ರಲ್ಲಿ ಅದಕ್ಕೆ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದರು, ಜನ ಮುಗಿಬಿದ್ದು ನೋಡಿದರು. ನನಗೆ ಆ ಬಣ್ಣ ಸೇರಲಿಲ್ಲ. ಇದರಲ್ಲಿ ತರ್ಕ ಇಲ್ಲ, ಮನೆಯವಳೂ ಕೇಳಲಿಲ್ಲ.

ಡಿಸ್ಕುಗಳ ಪೈಕಿ ನಾನು ಒಂದನ್ನೂ ಕೈಬಿಡದೆ ಇಟ್ಟುಕೊಂಡದ್ದು ಜಾತ್ರೆಗಳಲ್ಲಿ ಕೊಂಡ ನಾಟಕದ ವಿಸಿಡಿಗಳು, ಒಟ್ಟು 19. ನಮ್ಮ ಜಿಲ್ಲೆಯೆಂದರೆ ಏಣಗಿ ಬಾಳಪ್ಪನವರ ಜಿಲ್ಲೆ. 2017ರಲ್ಲಿ ತೀರಿಕೊಂಡಾಗ ಆ ಹಿರಿಯ ನಟನಿಗೆ ನೂರು ದಾಟಿತ್ತು. ಕುಲಗೋಡ ತಮ್ಮಣ್ಣ ಕಟ್ಟಿದ, ಕೌಜಲಗಿ ನಿಂಗಮ್ಮ ಹೆಸರಾದ ಶ್ರೀಕೃಷ್ಣ ಪಾರಿಜಾತದ ಸೀಮೆಯೂ ಇದೇ. ಈ ವಿಸಿಡಿಗಳಲ್ಲಿ ಅಂಥ ಘಟಾನುಘಟಿಗಳಿಲ್ಲ. ಹಳ್ಳಿಯ ಮೇಳದವರು, ಅಲುಗಾಡದೆ ಒಂದೇ ಕಡೆ ನಿಂತ ಕ್ಯಾಮೆರಾ, ನಡುನಡುವೆ ಮೈಕಿನ ಕುಂಯ್ ಸದ್ದು. ಭಾಗವತನ ಹಿಂದೆ ಕೂತ ಒಬ್ಬ ಮುದುಕ ಇಡೀ ರಾತ್ರಿ ಹಾಡಿನ ಜೊತೆ ತುಟಿ ಅಲ್ಲಾಡಿಸುತ್ತಾನೆ; ಅವನಿಗೆ ಎಲ್ಲ ಬಾಯಿಪಾಠ. ಇಂಥವನ್ನು ಅಚ್ಚು ಹಾಕಿಸಿದವರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು. ಇವಕ್ಕೆ ಪುಣೆಯಲ್ಲಿ ನೆಗೆಟಿವ್ ಇರುವುದಿಲ್ಲ.

ಇನ್ನು ಉಳಿಸುವ ಕೆಲಸ. ಡಿಸ್ಕನ್ನು ಬೆಳಕಿಗೆ ಹಿಡಿದು ಕೆಳಬದಿ ನೋಡಿ. ಅಪ್ಪಟ ಬೆಳ್ಳಿಯಂತೆ ಹೊಳೆದರೆ ಅದು ಕಾರ್ಖಾನೆಯಲ್ಲಿ ಅಚ್ಚಾದದ್ದು, ಇನ್ನೂ ಕೆಲವು ವರ್ಷ ಬಾಳೀತು. ನೇರಳೆ, ನೀಲಿ, ಹಸಿರು ಛಾಯೆ ಇದ್ದರೆ ಅದು ಕಂಪ್ಯೂಟರಿನಲ್ಲಿ ಬರೆದದ್ದು. ಅದರೊಳಗೆ ಚಿತ್ರವನ್ನು ಹಿಡಿದಿಟ್ಟಿರುವುದು ಒಂದು ಬಗೆಯ ಬಣ್ಣ. ಬಿಸಿಲು, ಸೆಖೆಗೆ ಅದು ಮಾಸುತ್ತದೆ. 2000ದ ಈಚೆಗೆ ಫೋಟೋ ಸ್ಟುಡಿಯೋದವರು ಕೊಟ್ಟ ಮದುವೆ ಸಿಡಿಗಳೆಲ್ಲ ಈ ಜಾತಿಯವೇ. ಆದ್ದರಿಂದ ನಕಲು ಮಾಡುವ ಸರದಿಯಲ್ಲಿ ಮೊದಲು ಅವು. ಗೀರು ಕೆಳಬದಿಗೆ ಬಿದ್ದರೆ ಗಾಬರಿ ಬೇಡ, ತೀರ ಆಳವಿರದಿದ್ದರೆ ತಿಕ್ಕಿಸಿ ತೆಗೆಯಬಹುದು. ಸಿಡಿ, ವಿಸಿಡಿಗಳಲ್ಲಿ ಅಪಾಯ ಇರುವುದು ಹೆಸರು ಬರೆದ ಮೇಲ್ಬದಿಯಲ್ಲಿ. ಕನ್ನಡಿಯಂಥ ಪದರ ಅಲ್ಲಿ ತೆಳುವಾದ ಅರಗಿನ ಕೆಳಗೇ ಇರುತ್ತದೆ. ನಾವು ಮೇಲ್ಬದಿ ಕೆಳಗಾಗಿ ಟೇಬಲ್ ಮೇಲೆ ಇಟ್ಟು ಇಟ್ಟೇ ಅರ್ಧ ಹಾಳು ಮಾಡಿದ್ದೇವೆ.

ಒಂದು ವಿಸಿಡಿ ಕಂಪ್ಯೂಟರಿನಲ್ಲಿ ಹೆಚ್ಚೆಂದರೆ 800 ಎಂಬಿ ಜಾಗ ತಿನ್ನುತ್ತದೆ. ನನ್ನ 260 ವಿಸಿಡಿಗಳನ್ನೂ ನಕಲು ಮಾಡಿದ್ದರೆ ಅಂಗೈಯಗಲದ 1 ಟಿಬಿ ಹಾರ್ಡ್ ಡಿಸ್ಕಿನ ಅರ್ಧವೂ ತುಂಬುತ್ತಿರಲಿಲ್ಲ. ಹಾಗಾದರೆ ಎಲ್ಲವನ್ನೂ ನಕಲು ಮಾಡಿಯೇ ಬಿಡೋಣ ಎಂಬ ಆಸೆ ಬರುತ್ತದೆ, ನನಗೂ ಬಂದಿತ್ತು. ಬೇಡ. ಕಪಾಟಿನ ಕಸ ಹಾರ್ಡ್ ಡಿಸ್ಕಿನ ಕಸವಾಗುತ್ತದೆ ಅಷ್ಟೆ, ಮುಂದೆ ನಿಮ್ಮ ಮಗಳು ಕೂತು ಆರಿಸಬೇಕಾಗುತ್ತದೆ.

ಕ್ಯಾಸೆಟ್ಟಿನ ಕತೆ ಬೇರೆ. ಮೂರು ತಾಸಿನ ಕ್ಯಾಸೆಟ್ ನಕಲಾಗಲು ಮೂರು ತಾಸೇ ಬೇಕು, ಅವಸರ ನಡೆಯುವುದಿಲ್ಲ. ಓಡಿಸಲು ಯಂತ್ರ ಬೇಕು. ಜಗತ್ತಿನಲ್ಲಿ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲೇ ನಿಲ್ಲಿಸಿತು. ಟೇಪಿನಲ್ಲಿರುವುದನ್ನು 2025ರೊಳಗೆ ನಕಲು ಮಾಡದಿದ್ದರೆ ಬಹಳಷ್ಟು ಕೈತಪ್ಪಿ ಹೋಗುತ್ತದೆ ಎಂದು ಯುನೆಸ್ಕೋ 2019ರಲ್ಲೇ ಎಚ್ಚರಿಸಿತ್ತು. ಆ ಗಡುವು ಮುಗಿದರೂ ದಾರಿ ಪೂರ್ತಿ ಮುಚ್ಚಿಲ್ಲ. ಕೆಲಸ ಮಾಡುವ ವಿಸಿಆರ್ ಇಟ್ಟುಕೊಂಡ ಸ್ಟುಡಿಯೋದವರು ದೊಡ್ಡ ಊರುಗಳಲ್ಲಿ ಇನ್ನೂ ಇದ್ದಾರೆ.

34 ಕ್ಯಾಸೆಟ್‌ಗಳಲ್ಲಿ 18 ಅಂಗಡಿಯ ಸಿನಿಮಾ. ಅವು ಹೋದವು. ಮೂರು ದೂರದರ್ಶನದಿಂದ ಹಿಡಿದಿಟ್ಟವು. ಅವನ್ನೂ ಎಸೆಯುವವನಿದ್ದೆ, ಆದರೆ ಒಂದನ್ನು ಹಾಕಿ ನೋಡಿದರೆ ಸಿನಿಮಾಕ್ಕಿಂತ ನಡುವಿನದೇ ರುಚಿ: ನಿರ್ಮಾ ಜಾಹೀರಾತು, ಅಡಚಣೆಗಾಗಿ ವಿಷಾದದ ಫಲಕ, ಕಾಣೆಯಾದವರ ಪ್ರಕಟಣೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೇರಿಯನ್ ಸ್ಟೋಕ್ಸ್ ಎಂಬ ಮಹಿಳೆ 1979ರಿಂದ 2012ರಲ್ಲಿ ಸಾಯುವ ತನಕ ಟಿವಿ ಸುದ್ದಿಯನ್ನು ಹಗಲು ರಾತ್ರಿ ರೆಕಾರ್ಡ್ ಮಾಡಿದರು, ಸುಮಾರು 70,000 ಕ್ಯಾಸೆಟ್. ಬದುಕಿದ್ದಾಗ ಅದನ್ನು ಹುಚ್ಚು ಅಂದವರಿದ್ದರು. ಈಗ ಅವು ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ನಮ್ಮ ಮೂರಕ್ಕೆ ಅಷ್ಟು ಯೋಗವಿಲ್ಲ, ಆದರೂ ಇಟ್ಟುಕೊಂಡೆ.

ಉಳಿದ 13 ಮನೆಯವು: ಮದುವೆ, ಕುಬಸ, ಗೃಹಪ್ರವೇಶ. ಬೂಷ್ಟು ಹಿಡಿದ ಒಂಬತ್ತರಲ್ಲಿ ನಾಲ್ಕು ಇವುಗಳಲ್ಲೇ ಇದ್ದವು. ಅವನ್ನು ಬೆಳಗಾವಿಯಲ್ಲಿ ಸ್ವಚ್ಛ ಮಾಡಿಸಿ, ಎಲ್ಲವನ್ನೂ ನಕಲು ಮಾಡಿಸಿದೆ. ನಕಲು ಮಾಡುವ ಹುಡುಗ ಕೇಳಿದ: "ಸರ್, ಇದ್ರಾಗ ಊಟದ್ದು ಭಾಳ ಐತಿ, ಮುಕ್ಕಾಲ್ ತಾಸ. ಕಟ್ ಮಾಡ್ಲೇನ್ರೀ? ಎಲ್ಲಾರೂ ಮಾಡಸ್ತಾರ್ರಿ." ಅಕ್ಕನ ಮದುವೆ, 1994ರದು. ನಾನೂ ಹೂಂ ಅನ್ನುವವನಿದ್ದೆ, ಆದರೆ ಪಕ್ಕದ ಪರದೆಯಲ್ಲಿ ಅದೇ ಓಡುತ್ತಿತ್ತು. ಕ್ಯಾಮೆರಾದವನು ಹ್ಯಾಲೊಜೆನ್ ದೀಪ ಹಿಡಿಸಿಕೊಂಡು ಪಂಕ್ತಿಯ ತುದಿಯಿಂದ ತುದಿಗೆ ನಡೆಯುತ್ತಾನೆ. ಎಲೆಯ ಮೇಲೆ ಗೋಧಿ ಹುಗ್ಗಿ, ಅದಕ್ಕೆ ತುಪ್ಪ, ಎಣಗಾಯಿ. ಬೆಳಕು ಬಿದ್ದ ಕೂಡಲೇ ಅಗಿಯುತ್ತಿದ್ದ ಬಾಯಿ ನಿಲ್ಲುತ್ತದೆ. ಹೆಂಗಸರು ಸೆರಗು ಎಳೆದುಕೊಳ್ಳುತ್ತಾರೆ. ಒಬ್ಬ ಕಾಕಾ ತುತ್ತು ಕೈಯಲ್ಲೇ ಹಿಡಿದು ಫೋಟೋಕ್ಕೆ ಕೂತಂತೆ ಕೂರುತ್ತಾನೆ. ಮದುವೆಯ ಬೇರೆ ಎಲ್ಲ ಕಡೆ ಕಾಣುವುದು ಮದುಮಕ್ಕಳು, ಬೀಗರು, ಐನಾರು. ಇಲ್ಲಿ ಮಾತ್ರ ಬಂದವರೆಲ್ಲರ ಮುಖ ಒಂದೊಂದಾಗಿ ಬರುತ್ತದೆ. ಕತ್ತರಿಸುವುದಿದ್ದರೆ ಕತ್ತರಿಸಬೇಕಾದದ್ದು ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ ಮಿಕ್ಸಿಂಗು: ಕಮಲದೊಳಗೆ ಅಕ್ಕ, ಹೃದಯದೊಳಗೆ ಮಾವ, ಹಿಂದೆ ಸಿನಿಮಾ ಹಾಡು. "ಊಟ ಇರಲಿ ತಮ್ಮಾ, ಕಮಲ ತಗಿ" ಅಂದೆ. ಅಕ್ಕನಿಗೆ ಇದನ್ನು ಇನ್ನೂ ಹೇಳಿಲ್ಲ.

ಮನೆಗೆ ತಂದು ಟಿವಿಗೆ ಹಾಕಿದ ದಿನ ನಾಲ್ಕು ಮನೆ ಆಚೆಯ ವೈನಿ ಸಾರಿಗೆ ಕರಿಬೇವು ಕೇಳಲು ಬಂದಿದ್ದರು. ತೆರೆಯ ಮೇಲೆ ಮದುಮಗನ ಮೆರವಣಿಗೆ ನಮ್ಮ ಓಣಿಯಲ್ಲಿ ಸಾಗುತ್ತಿತ್ತು. ಬ್ಯಾಂಡಿನ ಹಿಂದೆ ಒಂದು ಮನೆಯ ಬಾಗಿಲು, ಕಟ್ಟೆ, ಒಳಗೆ ದೀಪದ ಬೆಳಕಲ್ಲಿ ಮಗ್ಗ. ಮಗ್ಗದ ಮುಂದೆ ಕೂತವರು ಬ್ಯಾಂಡು ಕೇಳಿ ಎದ್ದು ಬಾಗಿಲಿಗೆ ಬರುತ್ತಾರೆ, ಕ್ಯಾಮೆರಾ ಮುಂದೆ ಹೋಗಿಬಿಡುತ್ತದೆ. ವೈನಿ ಕರಿಬೇವು ಮರೆತು ನಿಂತರು. "ಅದ ನಮ್ಮ ಪಡಸಾಲಿ ಅಲ್ಲೇನ್ರೀ? ಅಕಿ ನಮ್ಮ ಅತ್ತಿ." ಹಿಂದಕ್ಕೆ ಓಡಿಸಿ ಮತ್ತೆ ಹಾಕಿದೆ. ನಲವತ್ತು ಸೆಕೆಂಡು. ಆ ಮನೆ 2019ರ ನೀರಿಗೆ ಗೋಡೆ ಸಮೇತ ಕೂತುಹೋಯಿತು, ಮಗ್ಗವೂ ಹೋಯಿತು. ಅದರ ಫೋಟೋ ಅವರ ಹತ್ತಿರ ಒಂದೂ ಇರಲಿಲ್ಲ. ನಲವತ್ತು ಸೆಕೆಂಡು ಕತ್ತರಿಸಿ ಅವರ ಮಗನ ಫೋನಿಗೆ ಕಳಿಸಿದೆ. ಎರಡು ದಿನ ಬಿಟ್ಟು ಅದನ್ನೇ ನೋಡಲು ಅವರ ಬೀಗರೂ ಬಂದರು.

ಈಗ ಮನೆಯ 13 ಕ್ಯಾಸೆಟ್‌ಗಳ ನಕಲು ಎರಡು ಹಾರ್ಡ್ ಡಿಸ್ಕಿನಲ್ಲಿವೆ. ಒಂದು ಇಲ್ಲಿ, ಇನ್ನೊಂದು ಧಾರವಾಡದಲ್ಲಿ ಮಗಳ ಮನೆಯಲ್ಲಿ. ಎರಡನ್ನೂ ಒಂದೇ ಕಪಾಟಿನಲ್ಲಿಟ್ಟರೆ ಮುಂದಿನ ನೀರಿಗೆ ಎರಡೂ ಒಟ್ಟಿಗೇ ತೇಲುತ್ತವೆ. ವರ್ಷಕ್ಕೊಮ್ಮೆ ತೆರೆದು ನೋಡುತ್ತೇವೆ, ಯುಗಾದಿ ಅಂತ ದಿನ ಗೊತ್ತು ಮಾಡಿದ್ದೇವೆ. ಅಸಲಿ ಕ್ಯಾಸೆಟ್‌ಗಳನ್ನೂ ಎಸೆದಿಲ್ಲ. ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ ಮೇಲಿನ ಖಾನೆಯಲ್ಲಿಟ್ಟಿದ್ದೇನೆ. ಒಟ್ಟು 61: ಮನೆಯವು 13, ದೂರದರ್ಶನದವು 3, ನಾಟಕ 19, ಸಿನಿಮಾ 26.

ಹೊರಹೋದ ಡಿಸ್ಕುಗಳಲ್ಲಿ ನೆಟ್ಟಗಿದ್ದವನ್ನು ಬೇಕೆಂದವರಿಗೆ ಕೊಟ್ಟೆ. ಪ್ಲೇಯರ್ ಇನ್ನೂ ನಡೆಯುವ ಮನೆಗಳು ಹಳ್ಳಿಗಳಲ್ಲಿವೆ. ಕೆಟ್ಟವನ್ನು ಸುಡಬೇಡಿ, ಆ ಪ್ಲಾಸ್ಟಿಕ್ ಹೊಗೆ ಒಳ್ಳೆಯದಲ್ಲ. ನನ್ನವು ಬಹುಪಾಲು ಮಾವನ ಹೊಲಕ್ಕೆ ಹೋದವು. ಜೋಳ ಹಾಲುಗಾಳಿಗೆ ಬಂದಾಗ ಹಕ್ಕಿ ಕಾಟ. ಗಳಕ್ಕೆ ಡಿಸ್ಕು ತೂಗಿಬಿಟ್ಟರೆ ಬಿಸಿಲಿಗೆ ಮಿಂಚುತ್ತದೆ. ಕ್ಯಾಸೆಟ್ ರೀಲನ್ನು ಗಳದಿಂದ ಗಳಕ್ಕೆ ಬಿಗಿದರೆ ಗಾಳಿಗೆ ಗುಂಯ್‌ಗುಡುತ್ತದೆ, ಹಕ್ಕಿ ಹೆದರುತ್ತವೆ. ಮೂರು ತಾಸಿನ ಒಂದು ಕ್ಯಾಸೆಟ್ಟಿನಲ್ಲಿ ಸುಮಾರು ಕಾಲು ಕಿಲೋಮೀಟರ್ ರೀಲು ಇರುತ್ತದೆ.

ಈ ಸಲ ಸೀತನಿ ತಿನ್ನಲು ಹೋದಾಗ ಪಕ್ಕದ ಹೊಲದಲ್ಲೂ ರೀಲು ಬಿಗಿದಿದ್ದರು. ಬದುವಿನಲ್ಲಿ ಖಾಲಿ ಕ್ಯಾಸೆಟ್ ಬಿದ್ದಿತ್ತು. ಎತ್ತಿ ನೋಡಿದೆ. ಮಾಸಿದ ಚೀಟಿಯ ಮೇಲೆ ನೀಲಿ ಶಾಯಿಯಲ್ಲಿ 'ತಮ್ಮನ ಲಗ್ನ' ಎಂದಿತ್ತು. ನಿಮ್ಮ ಮನೆಯಲ್ಲೂ ಇಂಥ ರಾಶಿ ಇದ್ದರೆ ಸಿನಿಮಾ ಧಾರಾಳವಾಗಿ ಹೊರಗೆ ಹಾಕಿ. ಹೊಲಕ್ಕೆ ಒಯ್ಯುವ ಮೊದಲು ಚೀಟಿ ಮಾತ್ರ ಓದಿ.